ಮುಚ್ಚಿದವರೇ ತೆರೆಯಬೇಕು

ನನ್ನ ಧ್ವನಿ ಮುಚ್ಚಿದವರ ಹೆಸರು ಗಜಾನನ. ಬಿ.ಕಾಂ. ಕೊನೆಯ ವರ್ಷದವರಿಗೆ ಕಾಸ್ಟ್ ಅಕೌಂಟಿಂಗ್ ಕಲಿಸುತ್ತಿದ್ದರು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಆಮೇಲೆ ಕಾಲೇಜಿನವರು ಆಡಿದ ಮಾತಿನಲ್ಲೆಲ್ಲ ಧ್ವನಿ ತಾನಾಗಿಯೇ ಹೋಯಿತು ಎಂಬಂತೆ ಇತ್ತು, ಗಾಳಿಗೆ ಮುಚ್ಚಿಕೊಂಡ ಕಿಟಕಿಯ ಹಾಗೆ. ಗಾಳಿ ಬೀಸಿರಲಿಲ್ಲ. ಒಬ್ಬ ಮನುಷ್ಯ ಬೆರಳಿನಿಂದ ಒತ್ತಿದ, ಒತ್ತಿದ್ದನ್ನು ಬಿಟ್ಟು ಎದ್ದು ಹೋದ.

ನಮ್ಮ ಊರಿನಲ್ಲಿ ಆನ್‌ಲೈನ್ ತರಗತಿಯಲ್ಲಿ ಮೇಷ್ಟ್ರು ಮ್ಯೂಟ್ ಮಾಡಿದರೆ ಧ್ವನಿ ಫೋನಿನಲ್ಲಷ್ಟೇ ಅಲ್ಲ, ಗಂಟಲಿನಲ್ಲೂ ಹೋಗುತ್ತದೆ. ನಾವೇ ಮ್ಯೂಟ್ ಮಾಡಿಕೊಂಡರೆ ಏನೂ ಆಗುವುದಿಲ್ಲ. ಮೇಷ್ಟ್ರು ಮುಚ್ಚಿದರೆ ಮೇಷ್ಟ್ರೇ ತೆರೆಯಬೇಕು, ಅದೂ ಮುಚ್ಚಿದ ಅದೇ ಮೇಷ್ಟ್ರು. ಊರು ಇದಕ್ಕೆ ಬೇಗ ಹೊಂದಿಕೊಂಡಿತು. ವಿದ್ಯಾರ್ಥಿಗಳಿರುವ ಮನೆಗಳಲ್ಲಿ ಕೂರುವ ಜಾಗದ ಪಕ್ಕ ಒಂದು ತಟ್ಟೆ, ಒಂದು ಚಮಚ ಇಟ್ಟಿರುತ್ತಿದ್ದರು, ನೀರು ಬೇಕಾದರೆ ಬಡಿಯುವುದಕ್ಕೆ. ಬಸ್ ನಿಲ್ದಾಣದ ಹೋಟೆಲಿನಲ್ಲಿ ಒಂದು ಬೆರಳು ಎತ್ತಿದರೆ ಇಡ್ಲಿ, ಎರಡಕ್ಕೆ ದೋಸೆ, ಮುಷ್ಟಿ ತೋರಿಸಿದರೆ ಉದ್ದಿನವಡೆ. ಎದುರು ಮನೆಯ ಗಿರಿಜಕ್ಕ ಮಗನಿಗೆ ಬೈಯುವುದೇನಿದ್ದರೂ ಅವನ ತರಗತಿಯ ಹೊತ್ತಿಗೇ ಉಳಿಸಿಕೊಳ್ಳುತ್ತಿದ್ದಳು. ಅವನು ಕೆಂಪಗಾಗಿ ಕೂತಿರುತ್ತಿದ್ದ, ಅವಳು ನಿಧಾನವಾಗಿ ಅಕ್ಕಿ ಆರಿಸುತ್ತಾ ಅವನ ತಂದೆಯ ಕಡೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದು ಮುಗಿಸುತ್ತಿದ್ದಳು. ಸಂಜೆ ಬೀದಿಯಲ್ಲಿ ಎದುರಾದವರು ಊಟ ಆಯ್ತಾ ಎಂದು ಕೇಳುವುದನ್ನು ಬಿಟ್ಟು ದನಿ ಬಂತಾ ಎಂದು ಕೇಳುತ್ತಿದ್ದರು.

ನಾವು ಆನ್‌ಲೈನ್ ಬೇಕೆಂದು ಕೇಳಿದವರಲ್ಲ. ಕಾಲೇಜಿನ ಆಡಳಿತ ಮಂಡಳಿ ಇರುವುದು ದೂರದ ನಗರದಲ್ಲಿ. ನಮ್ಮ ಊರಿನಲ್ಲಿ ಅವರದೊಂದು ಶಾಖೆ ಇತ್ತು. ಒಂದು ಬೇಸಿಗೆ ರಜೆ ಮುಗಿಸಿ ಹೋದರೆ ಕಟ್ಟಡದ ತುಂಬ ಸೋಫಾಗಳು. ಕಟ್ಟಡವನ್ನು ಪೀಠೋಪಕರಣದ ಅಂಗಡಿಯವರ ಗೋದಾಮಿಗೆ ಬಾಡಿಗೆಗೆ ಕೊಟ್ಟಿದ್ದರು. ಇನ್ನು ಪಾಠವೆಲ್ಲ ಮನೆಯಲ್ಲೇ, ಮೊಬೈಲಿನಲ್ಲೇ ಎಂದು ಗೇಟಿಗೆ ಒಂದು ಹಾಳೆ ಅಂಟಿಸಿದ್ದರು. ಶುಲ್ಕ ಮಾತ್ರ ಮೊದಲಿನಷ್ಟೇ, ಗ್ರಂಥಾಲಯದ ಶುಲ್ಕವೂ ಸೇರಿ. ಗ್ರಂಥಾಲಯದಲ್ಲಿ ಆಗ ಪ್ಲಾಸ್ಟಿಕ್ ಸುತ್ತಿದ ಹಾಸಿಗೆಗಳು ಒಂದರ ಮೇಲೊಂದು ಮಲಗಿದ್ದವು.

ಮೇಷ್ಟ್ರುಗಳೆಲ್ಲ ಆ ನಗರದಲ್ಲೇ ಕೂತು ಪಾಠ ಮಾಡುತ್ತಿದ್ದರು. ಅಲ್ಲಿ ಮ್ಯೂಟ್ ಎಂದರೆ ಬರೀ ಮ್ಯೂಟ್. ಹೇಳಲು ದಾರಿಯಿದ್ದ ಮೇಷ್ಟ್ರುಗಳಿಗೆ ಹೇಳಿದರೆ ತರಗತಿ ತಪ್ಪಿಸಿಕೊಳ್ಳುವವರ ನೆಪ ಎಂದುಕೊಂಡರು. ನಂಬಿದವರು ವಾಣಿಜ್ಯ ಕಾನೂನಿನ ಇಂದುಮತಿ ಮೇಡಂ ಒಬ್ಬರೇ. ಪಾಠ ಮುಗಿದ ಮೇಲೆ ಅವರು ಒಬ್ಬೊಬ್ಬರನ್ನೇ ಹೆಸರು ಹಿಡಿದು ತೆರೆಯುತ್ತಿದ್ದರು. ಬರೀ ಹಾಜರ್ ಮೇಡಂ ಎಂದರೆ ಒಪ್ಪುತ್ತಿರಲಿಲ್ಲ. ಬೆಳಿಗ್ಗೆ ಏನು ತಿಂದೆ, ಅದನ್ನು ಹೇಳು, ಗಂಟಲು ಪೂರ್ತಿ ಬಂದಿದೆಯೋ ನೋಡೋಣ ಎನ್ನುತ್ತಿದ್ದರು. ಹೀಗಾಗಿ ಯಾರ ಮನೆಯಲ್ಲಿ ಎಷ್ಟು ದಿನದ ಚಿತ್ರಾನ್ನ ಎಂಬುದು ಇಡೀ ತರಗತಿಗೆ ತಿಳಿದಿರುತ್ತಿತ್ತು.

ಗಜಾನನ ಸರ್ ಹಾಗಲ್ಲ. ಬಂದ ಕೂಡಲೇ ಎಲ್ಲರನ್ನೂ ಒಟ್ಟಿಗೆ ಮ್ಯೂಟ್ ಮಾಡುತ್ತಿದ್ದರು. ಯಾರದೋ ಮನೆಯ ಕುಕ್ಕರ್ ಕೂಗಿತೆಂದು ಮೊದಲ ವಾರವೇ ಈ ನಿಯಮ ತಂದರು. ಯಾರೋ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸಿದರೆಂದು ಚಾಟ್ ಪೆಟ್ಟಿಗೆಯನ್ನೂ ಮುಚ್ಚಿದರು. ಇದಾದ ಮೇಲೆ ಹಾಜರಿ ಕರೆಯುತ್ತಿದ್ದರು. ಮ್ಯೂಟ್ ಮಾಡಿ ಹಾಜರಿ ಕರೆಯುವುದು. ಒಂದೊಂದು ಹೆಸರಿಗೂ ಒಂದು ಕ್ಷಣ ಕಾಯುತ್ತಿದ್ದರು, ಉಸಿರು ಬಿಡುತ್ತಿದ್ದರು, ಮುಂದಕ್ಕೆ ಹೋಗುತ್ತಿದ್ದರು. ಕೊನೆಗೆ, 'ಏನ್ರೀ ಇದು, ಇಷ್ಟು ಜನ ಇದ್ದೀರಿ, ಒಬ್ರೂ ಇಲ್ವಲ್ಲ' ಎನ್ನುತ್ತಿದ್ದರು. ನಾವು ಪರದೆಯಲ್ಲಿ ಸಾಲಾಗಿ ಕೂತು ಕೈ ಬೀಸುತ್ತಿದ್ದೆವು. ಅವರು ನಮ್ಮ ಕಡೆ ನೋಡುತ್ತಿರಲಿಲ್ಲ. ತಮ್ಮ ಪುಸ್ತಕ ನೋಡಿಕೊಂಡು ಓದುತ್ತಿದ್ದರು. ತರಗತಿ ಮುಗಿದಾಗ ಸಾಮಾನ್ಯವಾಗಿ ಎಲ್ಲರನ್ನೂ ತೆರೆದು, ಡೌಟ್ ಇದೆಯಾ, ಇಲ್ಲ, ಸರಿ ಎಂದು ಒಂದೇ ಉಸಿರಿನಲ್ಲಿ ಹೇಳಿ ಹೋಗುತ್ತಿದ್ದರು. ಆ ಒಂದು ಉಸಿರಿನಲ್ಲಿ ನಮ್ಮ ಧ್ವನಿ ಹಿಂದಕ್ಕೆ ಬರುತ್ತಿತ್ತು.

ಸೆಮಿಸ್ಟರಿನ ಕೊನೆಯ ತರಗತಿಯಲ್ಲಿ ಆ ಉಸಿರೂ ಬರಲಿಲ್ಲ. ಪಾಠದ ನಡುವೆ ಅವರಿಗೆ ಒಂದು ಫೋನ್ ಬಂತು. ಎದ್ದರು. ಖಾಲಿ ಕುರ್ಚಿ, ಹಿಂದೆ ಬಿಳಿ ಗೋಡೆ ಸ್ವಲ್ಪ ಹೊತ್ತು ಕಂಡವು. ಆಮೇಲೆ ಪರದೆ ಕಪ್ಪಾಯಿತು. ಮಾರನೆಯ ದಿನದಿಂದ ಅವರು ಆ ಕಾಲೇಜಿನವರಲ್ಲ. ಗುತ್ತಿಗೆ ಮುಗಿದಿತ್ತು, ಅವರ ಲಾಗಿನ್ ರದ್ದಾಗಿತ್ತು. ನಮ್ಮ ಧ್ವನಿ ಆ ಲಾಗಿನ್ನಿನ ಒಳಗೆ ಉಳಿಯಿತು.

ಇಂದುಮತಿ ಮೇಡಂ ತಮ್ಮ ತರಗತಿಯಲ್ಲಿ ನಮ್ಮನ್ನು ಮತ್ತೆ ಮತ್ತೆ ತೆರೆದು ನೋಡಿದರು. ಮೈಕಿನ ಗುರುತು ಹಸಿರಾಗುತ್ತಿತ್ತು, ಬಾಯಿ ತೆರೆದರೆ ಗಾಳಿ. ಅವರು ಮೇಲಿನವರಿಗೆ ಬರೆದರು. ನಿಮ್ಮ ವಿಷಯ ನೀವು ಕಲಿಸಿ ಎಂದು ಮೇಲಿನವರು ಉತ್ತರ ಕೊಟ್ಟರು.

ನಮ್ಮ ತರಗತಿಯ ತಿಪ್ಪೇಶ ಬೆಳಿಗ್ಗೆ ತಳ್ಳುಗಾಡಿಯಲ್ಲಿ ಸೊಪ್ಪು ಮಾರಿ ಆಮೇಲೆ ಪಾಠಕ್ಕೆ ಕೂರುವವನು. ಅವನು ಗಾಡಿಗೆ ಸೈಕಲ್ ಗಂಟೆ ಕಟ್ಟಿಕೊಂಡ. ಜನ ಐಸ್‌ಕ್ರೀಮ್ ಎಂದುಕೊಂಡು ಮಕ್ಕಳನ್ನು ಎತ್ತಿಕೊಂಡು ಹೊರಗೆ ಬಂದು, ಮೆಂತ್ಯ ನೋಡಿ ಬೈದು ಒಳಗೆ ಹೋಗುತ್ತಿದ್ದರು. ನಮ್ಮ ಜೊತೆಗೇ ಓದುವ ಮುಬೀನಾಳ ಮಗುವಿಗೆ ಇನ್ನೂ ವರ್ಷ ತುಂಬಿರಲಿಲ್ಲ. ತಾಯಿಯ ದನಿ ಇಲ್ಲದೆ ಅದು ಮಲಗುತ್ತಿರಲಿಲ್ಲ. ಅವಳ ಅತ್ತೆ ಜೋಗುಳ ಹಾಡುವಾಗ ಮುಬೀನಾ ಮಗುವಿನ ಮುಂದೆ ಬಾಯಿ ಆಡಿಸುತ್ತಿದ್ದಳು, ಮಗುವಿಗೆ ಮೋಸ ಮಾಡುವುದಕ್ಕೆ. ಮಗು ಮೋಸ ಹೋಗಲಿಲ್ಲ.

ನನ್ನ ಮನೆಯಲ್ಲಿರುವುದು ಅಪ್ಪ ಮತ್ತು ನಾನು. ಅಪ್ಪನ ಹೆಸರು ಸದಾನಂದ. ಊರಿಗೆಲ್ಲ ಪೇಪರ್ ಸದಾನಂದಪ್ಪ. ನಮ್ಮ ಭಾಗದ ಸುದ್ದಿಯನ್ನು ಒಂದು ಪತ್ರಿಕೆಗೆ ಬಹಳ ಕಾಲ ಬರೆದವರು. ಕಣ್ಣಿನ ನರ ಸೋತು ದೃಷ್ಟಿ ಪೂರ್ತಿ ಹೋದ ಮೇಲೆ ಬೆಳಗಿನ ಪತ್ರಿಕೆಯನ್ನು ನಾನು ಓದಿ ಹೇಳುತ್ತಿದ್ದೆ. ಅವರಿಗೆ ಸುದ್ದಿ ಓದಿ ಹೇಳುವುದು ಸುಲಭವಲ್ಲ. ಬೆಂಕಿ ಬಿತ್ತು ಎಂದು ಓದಿದರೆ ಎಲ್ಲಿ, ಯಾರು ನೋಡಿದರು ಎಂದು ಕೇಳುತ್ತಿದ್ದರು. ವರದಿಯಲ್ಲಿ ಇಲ್ಲ ಎಂದರೆ, ಹಾಗಾದರೆ ಅದು ವರದಿಯಲ್ಲ, ಮುಂದೆ ಓದು ಎನ್ನುತ್ತಿದ್ದರು. ನಾನು ಮಾತಾಡುವ ರೀತಿ, ಬರೆಯುವ ರೀತಿ ಅಲ್ಲಿಂದ ಬಂದದ್ದು.

ಧ್ವನಿ ಹೋದ ಮೇಲೆ ನಾನು ಅವರ ಅಂಗೈ ಮೇಲೆ ಬೆರಳಿನಿಂದ ಬರೆಯತೊಡಗಿದೆ. ಒಂದು ತಲೆಬರಹ ಬರೆಯುವಷ್ಟರಲ್ಲಿ ಕಾಫಿ ಆರಿರುತ್ತಿತ್ತು. ಗಿರಿಜಕ್ಕ ಒಂದೆರಡು ದಿನ ಬಂದು ಓದಿದಳು. ಆದರೆ ಅವಳು ಸಾವಿನ ಸುದ್ದಿಗಳನ್ನು ಮಾತ್ರ ಓದುತ್ತಿದ್ದಳು, ಉಳಿದದ್ದಕ್ಕೆಲ್ಲ ಅದೇ ಇದ್ದದ್ದೇ ಬಿಡಿ ಎನ್ನುತ್ತಿದ್ದಳು. ಪತ್ರಿಕೆ ದೊಡ್ಡ ಮಾತಲ್ಲ. ಕಾಣದವನಿಗೆ ಮನೆಯಲ್ಲಿ ಒಬ್ಬರು ಇದ್ದಾರೆ ಎನ್ನುವುದು ಅವರ ದನಿಯಿಂದ ತಿಳಿಯುತ್ತದೆ. ನಾನು ಕಾಲಿಗೆ ಹಳೆಯ ಗೆಜ್ಜೆ ಹಾಕಿಕೊಂಡೆ, ಸುಮ್ಮನೆ ಕೂತಾಗ ನೆಲಕ್ಕೆ ಕಾಲು ತಟ್ಟುತ್ತಿದ್ದೆ. ಆದರೂ ಒಂದು ಮಧ್ಯಾಹ್ನ, ಅಪ್ಪ ಮಲಗಿದ್ದಾರೆಂದು ಗೆಜ್ಜೆ ಸದ್ದಾಗದಂತೆ ಹೋಗಿ ತರಕಾರಿ ತಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗೆ ಅಪ್ಪ ಮಾತಾಡುತ್ತಿದ್ದರು. ತಾವು ಒಮ್ಮೆ ಪ್ರವಾಹದ ಸುದ್ದಿಗೆ ಹೋಗಿ ದೋಣಿಯಲ್ಲಿ ಸಿಕ್ಕಿಕೊಂಡ ಕಥೆ. ನಡುನಡುವೆ ನಕ್ಕು, 'ಅಲ್ವಾ ವನಾ' ಎನ್ನುತ್ತಿದ್ದರು. ನಾನು ಒಳಗೆ ಇದ್ದೇನೆಂದು ಅವರು ತಿಳಿದಿದ್ದರು. ಖಾಲಿ ಕೋಣೆಗೆ ಎಷ್ಟು ಹೊತ್ತಿನಿಂದ ಹೇಳುತ್ತಿದ್ದರೋ ನನಗೆ ತಿಳಿಯದು. ನಾನು ಚಪ್ಪಲಿ ಮತ್ತೆ ಹಾಕಿಕೊಂಡು ಬೀದಿಯ ತುದಿಯವರೆಗೆ ಹೋದೆ. ಕಥೆ ಮುಗಿಯಬಹುದು ಎನಿಸಿದ ಮೇಲೆ ಗೆಜ್ಜೆ ಜೋರಾಗಿ ಆಡಿಸಿಕೊಂಡು ಬಂದೆ. ಅವರ ಮುಖ ಬಾಗಿಲಿನ ಕಡೆ ತಿರುಗಿತು. ಅವರಿಗೆ ಗೊತ್ತಾಯಿತು.

ಕಾಲೇಜಿನ ಸಹಾಯವಾಣಿಗೆ ಅಪ್ಪನೇ ಫೋನ್ ಮಾಡಿದರು. ನಾನು ಪಕ್ಕದಲ್ಲಿ ಕೂತು ಸ್ಪೀಕರಿನಲ್ಲಿ ಕೇಳಿಸಿಕೊಂಡೆ. ಅತ್ತ ಕಡೆಯ ಹುಡುಗಿ ಬಹಳ ಮರ್ಯಾದೆಯವಳು.

'ಸರ್, ದೂರು ವಿದ್ಯಾರ್ಥಿನೀನೇ ಹೇಳ್ಬೇಕು. ಬೇರೆಯವರ ಹತ್ರ ನಾವು ಡೀಟೇಲ್ಸ್ ಮಾತಾಡೋ ಹಾಗಿಲ್ಲ.'

'ದೂರು ಏನು ಅಂದ್ರೆ ಅವಳಿಗೆ ಮಾತು ಬರ್ತಿಲ್ಲ ಅಂತ.'

'ಹೌದು ಸರ್, ಅರ್ಥ ಆಯ್ತು. ಅದನ್ನ ಅವ್ರ ಬಾಯಲ್ಲೇ ಒಂದ್ಸಲ ಹೇಳ್ಸಿ ಸರ್.'

'ನಿಮ್ಮ ಹೆಸರೇನಮ್ಮ' ಎಂದು ಅಪ್ಪ ಕೇಳಿದರು. ಹೆಸರು ಹೇಳುವುದಕ್ಕೆ ಅನುಮತಿ ಇಲ್ಲ ಎಂದಳು ಆ ಹುಡುಗಿ. ಕೊನೆಗೆ, ತಮ್ಮ ಸೇವೆ ಹೇಗಿತ್ತು, ಒಂದರಿಂದ ಐದರ ಒಳಗೆ ಒತ್ತಿ ಎಂದು ಫೋನು ತಾನೇ ಹೇಳಿತು. ಅಪ್ಪನಿಗೆ ಗುಂಡಿ ಕಾಣುವುದಿಲ್ಲ. ನಾನು ಫೋನ್ ತೆಗೆದುಕೊಂಡು ಒಂದನ್ನು ಒತ್ತಿದೆ. ಮತ್ತೂ ಒತ್ತಿದೆ. ಬೆರಳು ನೋಯುವವರೆಗೆ ಒತ್ತಿದೆ. ಕರೆ ಯಾವಾಗಲೋ ಮುಗಿದಿತ್ತು.

ಇಷ್ಟರಲ್ಲಿ ಕಾಲೇಜಿನಿಂದ ಸಂದೇಶ ಬಂತು. ಕಾಸ್ಟ್ ಅಕೌಂಟಿಂಗಿನಲ್ಲಿ ನಮ್ಮ ಊರಿನ ಯಾರಿಗೂ ಹಾಜರಾತಿ ಸಾಲದು, ಪರೀಕ್ಷೆಗೆ ಏಕೆ ಕೂರಿಸಬೇಕು ಎಂಬುದನ್ನು ನಗರದ ಕಚೇರಿಗೆ ಬಂದು ಖುದ್ದಾಗಿ ವಿವರಿಸಬೇಕು. ಪಾಠ ಆನ್‌ಲೈನ್, ವಿಚಾರಣೆ ಮಾತ್ರ ಖುದ್ದಾಗಿ. ನಾವೆಲ್ಲ ಒಂದು ಬಸ್ಸಿನಲ್ಲಿ ಹೊರಟೆವು. ಊರು ದಾಟಿದ ಮೇಲೆ ಧ್ವನಿ ಬರಬಹುದೆಂದು ಕೆಲವರಿಗೆ ಆಸೆಯಿತ್ತು. ಸೇತುವೆ ದಾಟಿದಾಗ ತಿಪ್ಪೇಶ ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾಯಿ ತೆರೆದ. ಬಾಯಿಗೆ ದೂಳು ಹೋಯಿತು, ಅಷ್ಟೆ. ಮುಬೀನಾ ನಕ್ಕಳು. ನಗುವಿಗೂ ಶಬ್ದವಿರಲಿಲ್ಲ. ಇಡೀ ಬಸ್ಸಿನಲ್ಲಿ ಮಾತಾಡುತ್ತಿದ್ದವರು ನನ್ನ ಅಪ್ಪ ಒಬ್ಬರೇ, ಅದೂ ಚಾಲಕನ ಜೊತೆ.

ನಿರ್ದೇಶಕರ ಹೆಸರು ಉಮಾಪತಿ. ತಣ್ಣನೆಯ ಕೋಣೆ, ಉದ್ದನೆಯ ಮೇಜು. ಅವರು ನಮ್ಮನ್ನೆಲ್ಲ ಗೌರವದಿಂದ ಕೂರಿಸಿ ನೀರು ಕೊಡಿಸಿದರು. ನಂತರ ಒಬ್ಬೊಬ್ಬರನ್ನೇ ಹೆಸರು ಕರೆದು, ನೀವು ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಹೆಸರು ಕರೆದಾಗ ಒಬ್ಬೊಬ್ಬರೇ ಎದ್ದು ನಿಂತು ಗಂಟಲು ಮುಟ್ಟಿ ತೋರಿಸಿದೆವು. ಬರೆದು ಕೊಟ್ಟದ್ದು ನಡೆಯುವುದಿಲ್ಲ, ಬಾಯಲ್ಲೇ ವಿವರಿಸಬೇಕು ಎಂದರು. ಪಕ್ಕದಲ್ಲಿದ್ದ ಗುಮಾಸ್ತರು ಪ್ರತಿ ಸಲವೂ ಲ್ಯಾಪ್‌ಟಾಪಿನಲ್ಲಿ ಏನೋ ಕುಟ್ಟಿದರು. ನಾನು ಕುತ್ತಿಗೆ ಚಾಚಿ ನೋಡಿದೆ. ಎಲ್ಲರ ಹೆಸರಿನ ಮುಂದೆಯೂ, ಏನೂ ಹೇಳಲಿಲ್ಲ ಎಂದು ಬರೆದಿದ್ದರು.

ಅಪ್ಪ ಎದ್ದು ನಿಂತರು. ಮೇಜು ಎಲ್ಲಿದೆ ಎಂದು ಕೈಯಿಂದ ತಡವಿ, ಅದರ ಅಂಚು ಹಿಡಿದುಕೊಂಡು ಮಾತಾಡಿದರು. ಯಾರು, ಯಾವ ತರಗತಿಯಲ್ಲಿ, ಹೇಗೆ ಮುಚ್ಚಿದರು, ಯಾಕೆ ತೆರೆಯಲಿಲ್ಲ, ಎಲ್ಲವನ್ನೂ ಅನುಕ್ರಮವಾಗಿ ಹೇಳಿದರು. ದನಿ ಎತ್ತಲಿಲ್ಲ. ಆ ಲಾಗಿನ್ನನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಗಜಾನನರಿಗೆ ತಿರುಗಿ ಕೊಡಿ, ಅವರು ತೆರೆಯಲಿ, ಹಾಜರಾತಿಯನ್ನು ಸರಿಪಡಿಸಿ ಎಂದರು. ಉಮಾಪತಿ ಪೂರ್ತಿ ಕೇಳಿದರು. ಕೇಳುವುದರಲ್ಲಿ ಅವರು ನಿಪುಣರು.

ಕೊನೆಗೆ ಅವರು ಒಂದು ದಾರಿ ಹೇಳಿದರು. ಲಾಗಿನ್ ಕೊಡಬಹುದು, ಅದು ಕಷ್ಟದ ಕೆಲಸವೇ ಅಲ್ಲ. ಆದರೆ ಕೊಟ್ಟರೆ ಕಾಲೇಜು ತಪ್ಪು ಒಪ್ಪಿಕೊಂಡ ಹಾಗೆ ಆಗಬಾರದು. ಆದ್ದರಿಂದ ಪ್ರತಿಯೊಬ್ಬರೂ ಒಂದು ಹೇಳಿಕೆಗೆ ಸಹಿ ಹಾಕಬೇಕು. ಮೈಕನ್ನು ನಾವೇ ಮುಚ್ಚಿಕೊಂಡೆವು, ತರಗತಿಗಳಿಗೆ ನಾವು ಹಾಜರಿರಲಿಲ್ಲ, ಸೆಮಿಸ್ಟರನ್ನು ಮತ್ತೆ ಓದಲು ಒಪ್ಪುತ್ತೇವೆ, ಕಾಲೇಜಿನ ಮೇಲೆ ನಮ್ಮ ದೂರು ಯಾವುದೂ ಇಲ್ಲ. ಸಹಿ ಮಾಡಿದವರ ಧ್ವನಿಯನ್ನು ಶನಿವಾರ ತೆರೆಯಲಾಗುವುದು.

ಅಂದರೆ, ಹೇಳುವುದಕ್ಕೆ ಏನೂ ಇಲ್ಲ ಎಂದು ಬರೆದುಕೊಟ್ಟರೆ ಹೇಳುವ ಶಕ್ತಿ ತಿರುಗಿ ಕೊಡುತ್ತಾರೆ.

ಮುಬೀನಾ ಓದದೆ ಸಹಿ ಮಾಡಿದಳು. ತಿಪ್ಪೇಶ ಓದಿ ಸಹಿ ಮಾಡಿದ, ಪೆನ್ನು ಮೇಜಿನ ಮೇಲೆ ಇಡದೆ ನೆಲಕ್ಕೆ ಬಿಟ್ಟ. ಅವರ ಮೇಲೆ ನನಗೆ ಸಿಟ್ಟಿಲ್ಲ, ಆಗಲೂ ಇರಲಿಲ್ಲ. ಮಗು ಮಲಗಬೇಕು, ಸೊಪ್ಪು ಬಾಡುವ ಮೊದಲು ಮಾರಬೇಕು. ನನ್ನ ಸರದಿ ಬಂದಾಗ ನಾನು ಹಾಳೆಯನ್ನು ಮೇಜಿನ ಮೇಲೆ ಹಿಂದಕ್ಕೆ ತಳ್ಳಿದೆ. ಎಲ್ಲ ತರಗತಿಗಳಿಗೂ ನಾನು ಕೂತಿದ್ದೆ. ಜ್ವರದಲ್ಲೂ ಕೂತಿದ್ದೆ. ಇರಲಿಲ್ಲ ಎಂದು ಬರೆದುಕೊಡಲಾರೆ. ಅಪ್ಪನ ಅಂಗೈ ತೆಗೆದುಕೊಂಡು, ಬೇಡ ಎಂದು ಬರೆದೆ. ಅವರ ಬೆರಳುಗಳು ನನ್ನ ಬೆರಳನ್ನು ಒಂದು ಕ್ಷಣ ಬಿಗಿಯಾಗಿ ಹಿಡಿದು ಬಿಟ್ಟವು.

'ಸರಿ' ಎಂದರು ಅಪ್ಪ. 'ನೀನು ಹೋಗಿ ಬಸ್ ನೋಡ್ತಿರು ಮಗಾ. ನಾನು ಇವ್ರ ಹತ್ರ ಒಂದು ಮಾತು ಆಡಿ ಬರ್ತೀನಿ. ತಿಪ್ಪೇಶ ಕೈ ಹಿಡ್ಕೊಂಡು ಕರ್ಕೊಂಡು ಬರ್ತಾನೆ.'

ನಾನು ಹೋದೆ. ನನ್ನ ಪರವಾಗಿ ಅವರು ಇನ್ನೊಂದು ಸಲ ವಾದ ಮಾಡುತ್ತಾರೆ ಎಂದುಕೊಂಡೆ. ಬಸ್ಸಿನಲ್ಲಿ ಹಿಂದಕ್ಕೆ ಬರುವಾಗ ಅಪ್ಪ ಚಾಲಕನ ಜೊತೆ ಮಾತಾಡಲಿಲ್ಲ. ದಣಿದಿದ್ದಾರೆ ಎಂದುಕೊಂಡೆ.

ಶನಿವಾರ ಮಧ್ಯಾಹ್ನ ತರಗತಿಯ ಲಿಂಕ್ ನನಗೂ ಬಂತು. ನೋಡುವುದಕ್ಕೆಂದು ಸೇರಿಕೊಂಡೆ. ಅಪ್ಪ ಎದುರಿನ ಕುರ್ಚಿಯಲ್ಲಿ ಕೂತಿದ್ದರು, ಬೆನ್ನು ನೇರ ಮಾಡಿಕೊಂಡು, ಯಾರಾದರೂ ಬರುವುದನ್ನು ಕಾಯುವವರ ಹಾಗೆ. ಗಜಾನನ ಸರ್ ಪರದೆಗೆ ಬಂದರು. ಹಿಂದೆ ಮೊದಲಿನ ಬಿಳಿ ಗೋಡೆಯಿಲ್ಲ. ಯಾವುದೋ ಔಷಧಿ ಅಂಗಡಿಯ ಕಪಾಟುಗಳು. ಅಲ್ಲಿ ಕೆಲಸಕ್ಕಿದ್ದರೆಂದು ಕಾಣುತ್ತದೆ. ಮುಖ ಇಳಿದಿತ್ತು. ಹೀಗಾಗುತ್ತದೆಂದು ತಮಗೆ ಗೊತ್ತಿರಲಿಲ್ಲ, ಒಬ್ಬರಾದರೂ ಹೇಳಬಹುದಿತ್ತು ಎಂದರು. ಹೇಗೆ ಹೇಳಬೇಕಿತ್ತು. ಮೈಕು ಮುಚ್ಚಿ, ಚಾಟ್ ಮುಚ್ಚಿ, ಮುಖ ನೋಡದೆ ಕೂತ ಮನುಷ್ಯನಿಗೆ ಯಾರು ಏನನ್ನು ಯಾವ ದಾರಿಯಲ್ಲಿ ಹೇಳಬೇಕಿತ್ತು. ಅವರನ್ನೂ ಒಂದು ಫೋನಿನಲ್ಲಿ ಕೆಲಸದಿಂದ ತೆಗೆದಿದ್ದಾರೆಂದು ನನಗೆ ಗೊತ್ತು. ಕನಿಕರ ಪಡಬೇಕೆಂದೂ ಗೊತ್ತು. ಆ ಹೊತ್ತು ಕನಿಕರ ಬರಲಿಲ್ಲ.

ಅವರು ಹೆಸರು ಕರೆದು ಒಬ್ಬೊಬ್ಬರನ್ನೇ ತೆರೆದರು. ತಿಪ್ಪೇಶ ಕೆಮ್ಮಿ, ದಂಟಿನ ಸೊಪ್ಪು ಎಂದು ಕೂಗಿದ. ಮುಬೀನಾ ಏನೂ ಹೇಳದೆ ಫೋನ್ ಬಿಟ್ಟು ಎದ್ದು ಓಡಿದಳು, ಒಳಗಿನ ಕೋಣೆಯಿಂದ ಹಾಡು ಕೇಳಿಸಿತು. ಕೆಲವರು, ಥ್ಯಾಂಕ್ಯೂ ಸರ್ ಎಂದರು. ಕಿತ್ತುಕೊಂಡದ್ದನ್ನು ಕೊಟ್ಟವನಿಗೆ ಥ್ಯಾಂಕ್ಯೂ. ಪಟ್ಟಿ ಮುಗಿಯಿತು ಎಂದುಕೊಂಡು ನಾನು ಫೋನ್ ಕೆಳಗಿಡುವಾಗ ಅವರು, 'ವನಮಾಲಾ ಸದಾನಂದ' ಎಂದರು. ಪೋಷಕರ ಸಹಿ ಇದೆ ಎಂದು ತಮ್ಮಷ್ಟಕ್ಕೆ ಓದಿಕೊಂಡರು. ಗಂಟಲಿನಲ್ಲಿ ಒಂದು ಬಿಸಿ ಗಾಳಿ ಏರಿತು.

ನಾನು ಅಪ್ಪನ ಕಡೆ ನೋಡಿದೆ. ನನಗೆ ಇಪ್ಪತ್ತೆರಡು ವರ್ಷ. ನನ್ನ ಹೆಸರಿನಲ್ಲಿ ಇನ್ನೊಬ್ಬರು ಸಹಿ ಮಾಡಬಹುದೇ ಎಂದು ಆ ಕೋಣೆಯಲ್ಲಿ ಯಾರಿಗೂ ಸಂಶಯ ಬಂದಿರಲಿಲ್ಲ. ಅಪ್ಪನಿಗೂ ಬಂದಿರಲಿಲ್ಲ. ಕಾಣದ ಕಣ್ಣಿನ ಅವರ ಬೆರಳನ್ನು ಯಾರೋ ಹಿಡಿದು ಇಲ್ಲಿ ಎಂದು ತೋರಿಸಿರಬೇಕು, ಅವರು ಅಲ್ಲಿ ಹಾಕಿದ್ದಾರೆ.

'ನೀವು ಸೈನ್ ಮಾಡಿದ್ರಾ?' ಎಂದೆ. ಒಡೆದ ದನಿ, ನನ್ನದೆಂದು ನನಗೇ ಗುರುತು ಹತ್ತಲಿಲ್ಲ.

ಅಪ್ಪನ ಮುಖ ನನ್ನ ಕಡೆ ತಿರುಗಿತು.

'ಬೇಡ ಅಂತ ಕೈ ಮೇಲೆ ಬರೆದಿದ್ನಲ್ಲ. ನಾನು ಕ್ಲಾಸಲ್ಲಿ ಇರ್ಲಿಲ್ಲ ಅಂತ ನೀವು ಬರೆದುಕೊಟ್ರಾ ಅಪ್ಪಾ? ಇಡೀ ಸೆಮಿಸ್ಟರ್ ನಿಮ್ಮ ಎದುರಿಗೇ ಕೂತಿದ್ದೆ. ನನ್ನನ್ನ ಕೇಳ್ದೆ ಹೇಗೆ ಹಾಕಿದ್ರಿ? ಅವ್ರಿಗೂ ನಿಮಗೂ ಏನು ವ್ಯತ್ಯಾಸ?'

'ಎಲ್ಲ ಸುಳ್ಳೇ' ಎಂದರು ಅಪ್ಪ. 'ಓದಿಸಿ ಕೇಳಿಯೇ ಹಾಕಿದ್ದು. ಒಂದೊಂದು ಸಾಲೂ ಸುಳ್ಳು.'

ನಾನು ಬೈದೆ. ಉಮಾಪತಿಗೆ ಹೇಳಬೇಕಾಗಿದ್ದದ್ದು, ಮರ್ಯಾದೆಯ ಆ ಹುಡುಗಿಗೆ ಹೇಳಬೇಕಾಗಿದ್ದದ್ದು, ಬಿಳಿ ಗೋಡೆಗೆ ಹೇಳಬೇಕಾಗಿದ್ದದ್ದು ಎಲ್ಲ ಹೊರಗೆ ಬಂತು. ಎದುರಿಗೆ ಕೂತಿದ್ದವರು ಅಪ್ಪ ಒಬ್ಬರೇ ಆದ್ದರಿಂದ ಅಷ್ಟೂ ಅವರ ಮೇಲೆ ಬಿತ್ತು. ಅಪ್ಪನಿಗೆ ಯಾವತ್ತೂ ಆಡದ ಮಾತು ಆಡಿದೆ. ಗಿರಿಜಕ್ಕ ಬಾಗಿಲಿಗೆ ಬಂದು ನಿಂತಳು, ಒಳಗೆ ಬರಲಿಲ್ಲ. ಫೋನಿನಲ್ಲಿ ಗಜಾನನ ಸರ್, ಕೇಳಿಸ್ತಾ ಇದೆಯಾ, ಎಲ್ಲರಿಗೂ ಕೇಳಿಸ್ತಾ ಇದೆಯಾ ಎನ್ನುತ್ತಿದ್ದರು. ಗಂಟಲು ಉರಿದು ನಾನು ಒಮ್ಮೆ ನಿಲ್ಲಿಸಿದೆ.

ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಒಂದು ಕಿವಿಯನ್ನು ನನ್ನ ಕಡೆಗೆ ಕೊಟ್ಟು ಕೂತಿದ್ದರು. ಕೆನ್ನೆ ಒದ್ದೆಯಾಗಿತ್ತು.

'ನಿಲ್ಲಿಸ್ಬೇಡ ಮಗಾ' ಎಂದರು. 'ಬೈ. ಇನ್ನೂ ಸ್ವಲ್ಪ ಬೈ.'

ಸಿಟ್ಟು ಇನ್ನೂ ಇತ್ತು. ಬೈದೆ.